ಪ್ರಾಸ ಯಾರಪ್ಪನ ಸ್ವತ್ತು?



ನಮ್ಮ ಹಾಸ್ಟೆಲುಗಳಲ್ಲಿ ಕವಿತೆ ಬರೆಯದ ಹುಡುಗರು ಕಡಿಮೆ. ಸಂತೋಷ. ಆದರೆ ಪ್ರಾಸ ಅಂದ್ರೆ ಅರ್ಧ ಜನ ಮೂಗು ಮುರೀತಾರೆ. 'ಅದು ಪಂಡಿತರ ಕಸುಬು, ನಮಗ್ಯಾಕೆ' ಅಂತಾರೆ. ನಾನೂ ಹಾಗೇ ಅಂದವನು. ಒಂದು ಸಭೆಯಲ್ಲಿ ಬುದ್ಧಿ ಬಂತು.

ಊರೂರಿಂದ ಕೂಲಿಯವರು ಬಂದಿದ್ದ ಸಭೆ. ಎರಡು ಪುಟದ ನನ್ನ ಕವಿತೆ ಓದಿದೆ. ಸಿಟ್ಟಿತ್ತು, ದೊಡ್ಡ ದೊಡ್ಡ ಮಾತಿತ್ತು. ಹುಡುಗರು ಚಪ್ಪಾಳೆ ತಟ್ಟಿದರು. ನಮ್ಮವ್ವನೂ ಬಂದಿದ್ದಳು. ವಾಪಸ್ ಹೋಗ್ತಾ 'ಹೆಂಗಿತ್ತವ್ವ?' ಅಂದೆ. 'ಚೆಂದಾಗ್ ಓದ್ದೆ ಕನಪ್ಪ, ಒಂದೂ ನೆಪ್ಪಿಲ್ಲ' ಅಂದಳು. ನನ್ನ ನಂತರ ತಮಟೆ ಬಡಿದು ಹಾಡಿದವರ ಎರಡು ಸಾಲು ಮಾತ್ರ ಊರು ಮುಟ್ಟುವವರೆಗೂ ಅವಳ ಬಾಯಲ್ಲಿತ್ತು.

ನಮ್ಮವ್ವನಿಗೆ ಅಕ್ಷರ ಬರೋದಿಲ್ಲ. ಪುಸ್ತಕ ಇದ್ದವನು ಮರೆತರೆ ಪುಟ ತಿರುಗಿಸಿ ನೋಡ್ತಾನೆ. ಇಲ್ಲದವರಿಗೆ ಒಂದು ಸದ್ದು ಮುಂದಿನ ಸದ್ದನ್ನ ಕೈ ಹಿಡಿದು ಕರ್ಕೊಂಡು ಬರಬೇಕು. ಪ್ರಾಸದ ಕೆಲಸ ಅದು. ನೀಲಗಾರರು ಮಂಟೇಸ್ವಾಮಿ ಕಾವ್ಯ ಹಾಡೋದು ಕಾಗದ ನೋಡಿಕೊಂಡಲ್ಲ. ಮತ್ತೆ ಮತ್ತೆ ಬರುವ ಸೊಲ್ಲನ್ನ ಹಿಮ್ಮೇಳದವರು ಎತ್ತಿಕೊಳ್ತಾರೆ, ಅಷ್ಟರಲ್ಲಿ ಮುಂದಿನ ಮಾತು ಹಾಡುವವನ ನಾಲಗೆಗೆ ಬಂದಿರುತ್ತೆ.

ಕನ್ನಡದ ಹಳೇ ಪ್ರಾಸ ಕೂರೋದು ಸಾಲಿನ ಕೊನೆಯಲ್ಲಲ್ಲ, ಎರಡನೇ ಅಕ್ಷರದಲ್ಲಿ. ಛಂದಸ್ಸಿನವರು ಅದರಲ್ಲಿ ಆರು ಜಾತಿ ಮಾಡಿ (ಇಲ್ಲೂ ಜಾತಿ!) ಸಿಂಹ, ಗಜ, ವೃಷಭ, ಅಜ, ಶರಭ, ಹಯ ಅಂತ ಹೆಸರಿಟ್ಟರು. ಪರೀಕ್ಷೆಗೆ ಉರು ಹೊಡೆದಿದ್ದೀರಿ. ಎರಡನೇ ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಬಂದರೆ ಹಯಪ್ರಾಸ. ಈಗ ಈ ಮಾತುಗಳನ್ನ ಸಾಲು ಸಾಲಿನ ಮೊದಲಿಗೆ ಇಟ್ಟು ನೋಡಿ: ಉತ್ತು, ಬಿತ್ತಿ, ಹೊತ್ತು, ಎತ್ತಿ, ತುತ್ತು. ದುಡಿಮೆಯ ಮಾತು ತಾನಾಗಿಯೇ ಹಯಪ್ರಾಸ ಹಿಡಿದಿದೆ! ನಮ್ಮವ್ವನಿಗೆ ಇದನ್ನ ಯಾವ ಪಂಡಿತನೂ ಹೇಳಿಕೊಟ್ಟಿಲ್ಲ.

ಇನ್ನೊಂದು. ನಮ್ಮ ಕಡೆಯವರ ಬಾಯಲ್ಲಿ ಹಕಾರ ನಿಲ್ಲೋದಿಲ್ಲ. ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ಇದಕ್ಕೇ ನನ್ನನ್ನ ಎಬ್ಬಿಸಿ ನಿಲ್ಲಿಸಿ ಕ್ಲಾಸನ್ನೆಲ್ಲ ನಗಿಸಿದ್ರು. ಆದರೆ ಕೇಳಿ: 'ಗೌಡ್ರ ಮನೆ ಆಳು ಆಳಾದ.' ದುಡಿಯುವ ಆಳು, ಬದುಕು ಹಾಳು, ಎರಡೂ ನಮ್ಮ ಬಾಯಲ್ಲಿ ಒಂದೇ ಸದ್ದು. ಈ ಶ್ಲೇಷೆ ಆ ಮೇಷ್ಟ್ರ ಶುದ್ಧ ಕನ್ನಡಕ್ಕೆ ಸಿಕ್ಕೋದಿಲ್ಲ.

ಹಾಗಂತ ಪ್ರಾಸಕ್ಕೆ ಬಿದ್ದು ಸುಳ್ಳು ಬರೀಬೇಡಿ. 'ಕ್ರಾಂತಿ' ಅಂದ ಕೂಡಲೇ 'ಶಾಂತಿ', 'ಭ್ರಾಂತಿ' ಕರೆಯದೇ ಓಡಿ ಬರುತ್ತವೆ. ಹೇಳಬೇಕಾದ್ದು ಹೊರಗೇ ನಿಂತಿರುತ್ತೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಎರಡನೇ ಅಕ್ಷರದ ಪ್ರಾಸವನ್ನ ಬಿಟ್ಟರಲ್ಲ, ಈ ಕಾಟಕ್ಕೇ ಇರಬೇಕು. ಹಾಗೆ ಬಿಟ್ಟು ಬರೆದ ಕವಿತೆಯ ಹೆಸರು 'ಹೊಲೆಯನು ಯಾರು?' ನಮ್ಮ ಕೇರಿಯಲ್ಲಿ ಅದನ್ನ ಹೇಳುವವರನ್ನ ನಾನು ಕಂಡಿಲ್ಲ, ಆ ಮಾತು ಬೇರೆ. ನನ್ನ ಪ್ರಕಾರ ಅವರು ಬಿಟ್ಟದ್ದು ಕಡ್ಡಾಯವನ್ನ. ಆಮೇಲೆ ಬಂದ ಕೆಲವರು ಕಿವಿಯನ್ನೇ ಬಿಟ್ಟರು. 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ನೋಡಿ, ಹೆಸರಲ್ಲೇ ಹಾಡು ಇದೆ. ಸಿಟ್ಟಿನ ಜೊತೆ ಲಯ ಇದ್ದದ್ದಕ್ಕೇ ಅದು ಬಾಯಿಂದ ಬಾಯಿಗೆ ಹೋಯ್ತು.

ಮುಂದಿನ ಸಭೆಗೆ ಕವಿತೆ ತರೋರು ಮೊದಲು ಹಾಸ್ಟೆಲಿನ ಅಡಿಗೆಯವರ ಮುಂದೆ ಒಂದ್ಸಲ ಓದಿ. ಬೆಳಿಗ್ಗೆ ತಟ್ಟೆ ಹಿಡಿದು ನಿಂತಾಗ 'ಒಂದು ಸಾಲು ಹೇಳಣ್ಣ' ಅಂತ ಕೇಳಿ. ನಾನು ಕೇಳಿದಾಗ ಆ ಪುಣ್ಯಾತ್ಮ ಹೇಳಿದ್ದು, ಹೊಡೆದು ಹಾಕಬೇಕು ಅಂತ ನಾನು ಗೀಟು ಎಳೆದಿದ್ದ ಸಾಲು.