ಹೊಗೆ ಯಾರ ಖಾತೆಗೆ?



ಯಾವ ರಾಜ್ಯ ಎಷ್ಟು ಹಸಿರುಮನೆ ಅನಿಲ ಉಗುಳುತ್ತದೆ ಎಂಬ ಪಟ್ಟಿಗಳು ಆಗಾಗ ಪ್ರಕಟವಾಗುತ್ತವೆ. ಕಲ್ಲಿದ್ದಲು ಸುಡುವ ಛತ್ತೀಸಗಡ, ಒಡಿಶಾಗಳ ತಲಾ ಪಾಲು ಅವುಗಳಲ್ಲಿ ದೊಡ್ಡದಾಗಿ ಕಾಣುತ್ತದೆ. ದಶಕಗಳ ಕಾಲ ಉತ್ತರಪತ್ರಿಕೆ ತಿದ್ದಿದ ನನಗೆ ಈ ಅಂಕಪಟ್ಟಿ ಒಪ್ಪಿಗೆಯಾಗದು. ಒಬ್ಬನ ತಂಟೆಗೆ ಮತ್ತೊಬ್ಬನನ್ನು ಬೆಂಚಿನ ಮೇಲೆ ನಿಲ್ಲಿಸಿದಂತಿದೆ ಇದು.

ದೆಹಲಿ ತನ್ನ ಬದರ್‌ಪುರದ ಕಲ್ಲಿದ್ದಲು ಸ್ಥಾವರವನ್ನು 2018ರಲ್ಲಿ ಮುಚ್ಚಿತು. ಒಳ್ಳೆಯದೇ ಆಯಿತು. ಆದರೆ ದೀಪಗಳೇನೂ ಆರಲಿಲ್ಲ. ಕಲ್ಲಿದ್ದಲು ಸಿಂಗ್ರೌಲಿಯಂಥ ದೂರದ ಸೀಮೆಗಳಲ್ಲಿ ಉರಿಯುತ್ತಿದೆ. ಬೆಳಕು ರಾಜಧಾನಿಗೆ, ಬೂದಿ ಅಲ್ಲಿಯವರಿಗೆ, ಕೆಟ್ಟ ಹೆಸರೂ ಅವರಿಗೇ!

ನಮ್ಮಲ್ಲಿಯೂ ಕಥೆ ಬೇರೆಯಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಚಿಮಣಿಗಳು ಹೊಗೆಯಾಡುತ್ತಿವೆ. ಸ್ಥಾವರದ ಸಾಮರ್ಥ್ಯ 1720 ಮೆಗಾವ್ಯಾಟ್. ಕಲ್ಲಿದ್ದಲಿನಿಂದ ಒಂದು ಯೂನಿಟ್ ತೆಗೆದರೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಮೇಲೇರುತ್ತದೆ. ಬಿಸಿಲು, ಗಾಳಿ, ನೀರಿನ ವಿದ್ಯುತ್ತೂ ರಾಜ್ಯದಲ್ಲಿ ಸಾಕಷ್ಟಿದೆ, ನಿಜ. ಆದರೂ ಬೆಂಗಳೂರಿನ ಗಾಜಿನ ಕಟ್ಟಡಗಳನ್ನು ತಂಪಾಗಿಡುವ ವಿದ್ಯುತ್ತಿನಲ್ಲಿ ರಾಯಚೂರಿನ ಹೊಗೆಯ ಪಾಲಿದೆ. ಹುಕ್ಕೇರಿಯ ಸಹಕಾರಿ ಸಂಘ ಹಳ್ಳಿಗಳಿಗೆ ಹಂಚುವ ವಿದ್ಯುತ್ತಿನಲ್ಲಿಯೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಘಟಪ್ರಭೆಯ ನೀರಿನ ಬಲದಿಂದ ಗಿರಣಿ ನಡೆಸಿದ ಊರೆಂದು ಗೋಕಾಕದವರು ಬೀಗುತ್ತೇವೆ. ಆ ಹೆಮ್ಮೆಯಿಂದ ಇಂದಿನ ಪಂಪ್‌ಸೆಟ್ಟು ತಿರುಗದು.

ಹಾಗಾದರೆ ಮೂಡಲಗಿಯ ಕಬ್ಬಿಗೆ ಹಾಕುವ ಯೂರಿಯಾದ ಲೆಕ್ಕ ಯಾರಿಗೆ ಎಂದು ಕೇಳಬಹುದು. ಅದರಿಂದ ಹೊಮ್ಮುವ ನೈಟ್ರಸ್ ಆಕ್ಸೈಡ್, ತೂಕಕ್ಕೆ ತೂಕ ನೋಡಿದರೆ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಿಸಿಯೇರಿಸಬಲ್ಲದು. ಸಕ್ಕರೆ ತಿನ್ನುವವರೂ ಅದರಲ್ಲಿ ಪಾಲು ಹೊರಲಿ. ಆದರೆ ಕಟಾವಿನ ನಂತರ ರವದಿಗೆ ಬೆಂಕಿಯಿಡುವುದು ಸಂಪೂರ್ಣ ನಮ್ಮದೇ ಖಾತೆ. ಆಳು ಸಿಗದೆಂಬುದು ಸುಳ್ಳಲ್ಲ. ನಿವೃತ್ತನಾದ ಮೊದಲ ವರ್ಷ ನಾನೂ ಸುಟ್ಟವನೇ. ಈಗ ಸಾಲುಗಳ ನಡುವೆ ಹಾಸುತ್ತೇನೆ. ನೀರಾದರೂ ಒಂದಿಷ್ಟು ಉಳಿಯುತ್ತದೆ.

ಪಟ್ಟಿ ಮಾಡುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಹೊಗೆ ಎಲ್ಲಿ ಎದ್ದಿತು ಎಂಬುದಕ್ಕೊಂದು ಕಾಲಮ್ಮು, ಯಾರಿಗಾಗಿ ಎದ್ದಿತು ಎಂಬುದಕ್ಕೆ ಇನ್ನೊಂದು. ಪ್ರತಿ ತಿಂಗಳ ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ಟಿನ ಪಕ್ಕದಲ್ಲಿ, ರಾಜ್ಯದ ಸರಾಸರಿಯಂತೆ, ಎಷ್ಟು ಕಿಲೋ ಎಂದೂ ಅಚ್ಚು ಹಾಕಲಿ. ಬೆಂಗಳೂರಿನ ಮಾಲುಗಳ ಬಿಲ್ಲಿನಿಂದಲೇ ಆರಂಭಿಸಲಿ; ನನ್ನ ಮನೆಯ ಬಿಲ್ಲನ್ನೂ ಬಿಡುವುದು ಬೇಡ.