ದೊಡ್ಡ ಗಾಡಿಗೆ ಬೈಪಾಸ್ ಸಿಕ್ಕಿತು, ಸೈಕಲ್ಲಿಗೆ ಏನು ಸಿಕ್ಕಿತು?

ಶ್ರೀರಂಗಪಟ್ಟಣ ದ್ವೀಪದ ಊರು. ಸುತ್ತ ಕಾವೇರಿ. ಊರೊಳಕ್ಕೆ ಬರುವವನು ಸೇತುವೆ ದಾಟಲೇಬೇಕು, ಊರಿಂದಾಚೆ ಹೋಗುವವನೂ ಸೇತುವೆ ದಾಟಲೇಬೇಕು. ಬೇರೆ ಊರಿನ ಸೈಕಲ್ ಸವಾರನಿಗೆ ದೊಡ್ಡ ರಸ್ತೆ ಬೇಡವೆನಿಸಿದರೆ ಯಾವುದೋ ಓಣಿ ಹಿಡಿದು, ಗದ್ದೆ ಬದು ಹಿಡಿದು ಮನೆ ಸೇರಿಯಾನು. ನಮ್ಮೂರಿನವನಿಗೆ ಆ ಭಾಗ್ಯ ಇಲ್ಲ. ಬಸ್ಸು, ಕಾರು, ಕಬ್ಬಿನ ಟ್ರ್ಯಾಕ್ಟರು, ಪ್ರವಾಸಿಗಳ ಟೆಂಪೋ ಎಲ್ಲಾ ನುಗ್ಗುವ ದಾರಿಯಲ್ಲೇ ಅವನೂ ತನ್ನ ಎರಡು ಚಕ್ರ ಉರುಳಿಸಬೇಕು.

ಹಾಗಾದರೆ ಈ ರಸ್ತೆ ಯಾರದು ಸ್ವಾಮಿ? ಇವತ್ತಿನ ಪ್ರಶ್ನೆ ಇಷ್ಟೇ.

ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿಗಳು ನಮ್ಮ ಜಿಲ್ಲೆಗೇ ಬಂದು ಉದ್ಘಾಟಿಸಿದರು. ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯಕ್ಕೆ ಬೈಪಾಸ್ ಆದ ಹಾಗೆ ಶ್ರೀರಂಗಪಟ್ಟಣಕ್ಕೂ ಬೈಪಾಸ್ ಆಯಿತು. ಅವಸರದವರೆಲ್ಲ ಆಚೆ ಕಡೆಯಿಂದ ಹೋಗಿಬಿಡುತ್ತಾರೆ, ಊರೊಳಗಿನ ರಸ್ತೆ ಊರಿನವರಿಗೆ ಉಳಿಯುತ್ತೆ ಅಂತ ಜನ ಸಮಾಧಾನ ಪಟ್ಟುಕೊಂಡರು. ಅದೇ ವರ್ಷ ಆಗಸ್ಟ್ 1ರಿಂದ ಇನ್ನೊಂದು ಆಜ್ಞೆ ಬಂತು. ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರು, ಮೋಟಾರಿಲ್ಲದ ಬಂಡಿ ಯಾವುದೂ ಹೋಗಕೂಡದು. ಇವೆಲ್ಲ ಸರ್ವೀಸ್ ರಸ್ತೆ ಹಿಡಿಯಬೇಕು. ಆಜ್ಞೆಯಲ್ಲಿ ತಪ್ಪೇನಿಲ್ಲ. ನೂರು ಕಿಲೋಮೀಟರ್ ವೇಗದ ಕಾರುಗಳ ನಡುವೆ ಸೈಕಲ್ ಬಿಡೋದು ಯಮನಿಗೆ ಅರ್ಜಿ ಹಾಕಿದ ಹಾಗೆ.

ಆದರೆ ಒಂದು ಕಡೆ ‘ಬರಬೇಡ’ ಅಂದವರು ಇನ್ನೊಂದು ಕಡೆ ‘ಇಲ್ಲಿ ಬಾ’ ಅನ್ನಬೇಕಲ್ಲ? ಸರ್ವೀಸ್ ರಸ್ತೆ ಎಲ್ಲಾ ಕಡೆ ಒಂದೇ ಸಮ ಇಲ್ಲ. ಇರುವ ಕಡೆ ಎದುರುಬದುರು ಓಡಾಟ. ಗಣಂಗೂರು ಟೋಲಿನ ದುಡ್ಡು ಉಳಿಸೋಣ ಅಂತ ಕೆಳಕ್ಕಿಳಿದ ಕಾರುಗಳೂ ಅಲ್ಲೇ. ಇನ್ನು ಊರೊಳಗಿನ ಹಳೇ ರಸ್ತೆಯಲ್ಲಿ ಗದ್ದಲ ಇಳಿದದ್ದು ನಿಜ. ಆದರೆ ರಸ್ತೆ ಖಾಲಿಯಾದಷ್ಟೂ ಓಡಿಸುವವರ ಬಲಗಾಲು ಭಾರವಾಗಿದೆ. ಹೆದ್ದಾರಿ ಊರಿನಿಂದ ಆಚೆ ಹೋಯಿತು, ಹೆದ್ದಾರಿಯ ಚಾಳಿ ಊರೊಳಗೇ ಉಳಿದುಕೊಂಡಿತು.

ಸೈಕಲ್ ಮೇಲೆ ಯಾರಿದ್ದಾರೆ?

ಈಗ ಸೈಕಲ್ ಯಾರು ತುಳೀತಾರೆ ಬಿಡಿ, ಎಲ್ಲರ ಮನೇಲೂ ಬೈಕಿದೆ ಅನ್ನುವವರು ಬೆಳಗ್ಗೆ ಆರೂವರೆಗೆ ಕಿರಂಗೂರು ಕಡೆ ಸೇತುವೆ ಹತ್ತಿರ ಹತ್ತು ನಿಮಿಷ ನಿಲ್ಲಲಿ. ಹಾಲಿನ ಕ್ಯಾನು ಕಟ್ಟಿಕೊಂಡವರು, ಸೊಪ್ಪಿನ ಕುಕ್ಕೆ ಹೊತ್ತವರು, ಕರಣೆ ಮಟ್ಟಗೋಲು ಚೀಲಕ್ಕೆ ಹಾಕಿ ಗಾರೆ ಕೆಲಸಕ್ಕೆ ಹೊರಟವರು, ಬಸ್ಸಿನ ಹೊತ್ತಿಗೆ ಕಾಯಲಾಗದ ಶಾಲೆ ಮಕ್ಕಳು. ಬಾಬುರಾಯನಕೊಪ್ಪಲು, ಗಂಜಾಂ, ಪಾಲಹಳ್ಳಿ ದಿಕ್ಕಿನಲ್ಲೂ ಇದೇ ಕಥೆ. ಪೆಟ್ರೋಲ್ ದರ ಕೇಳಿ ಎದೆ ಹಿಡಿದುಕೊಳ್ಳದೆ ದುಡಿಮೆಗೆ ಹೋಗುವ ಜನ ಇವರು. ಇವರಲ್ಲೊಬ್ಬ ಕಾಲು ಮುರಿದುಕೊಂಡು ಮಲಗಿದರೆ ಅವತ್ತಿನ ಕೂಲಿಯ ಜೊತೆ ಆರು ತಿಂಗಳ ಒಲೆಯೂ ಆರುತ್ತದೆ.

ಮಕ್ಕಳ ವಿಷಯ ಇನ್ನೂ ವಿಚಿತ್ರ. 2006-07ರಿಂದ ನಮ್ಮ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಪುಕ್ಕಟೆ ಸೈಕಲ್ ಕೊಡಲು ಶುರು ಮಾಡಿತು. 2020ರಲ್ಲಿ ಕೋವಿಡ್ ಬಂದ ಮೇಲೆ ಆ ವಿತರಣೆ ನಿಂತಿತು. ಅಲ್ಲಿಯತನಕ ಲಕ್ಷ ಲಕ್ಷ ಮಕ್ಕಳು ಸರ್ಕಾರದ ಸೈಕಲ್ ಹತ್ತಿದರು. ಹೆಣ್ಣುಮಕ್ಕಳು ದೂರದ ಹೈಸ್ಕೂಲಿಗೆ ಧೈರ್ಯವಾಗಿ ಹೋಗುವಂತಾಯಿತು. ಒಳ್ಳೇ ಕೆಲಸ, ಇಲ್ಲ ಅನ್ನೋ ಹಾಗಿಲ್ಲ. ಆದರೆ ಸೈಕಲ್ ಕೊಟ್ಟ ಕೈ ಅದು ಓಡಲು ಮೂರಡಿ ಜಾಗ ಕೊಡಲಿಲ್ಲ. ಹಸು ದಾನ ಕೊಟ್ಟು ಮೇವಿನ ಮಾತೆತ್ತದೆ ಹೋದ ಹಾಗಾಯಿತು.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಸೈಕಲ್ ಸವಾರರೇ ನಾಲ್ಕು ಸಾವಿರದ ಎಂಟುನೂರಕ್ಕೂ ಹೆಚ್ಚು. ಸೈಕಲ್ಲಿಗೆ ಬಂಪರ್ ಇಲ್ಲ, ಗಾಳಿಚೀಲ ಇಲ್ಲ. ಸವಾರನ ಮೈಯೇ ಅದರ ಬಂಪರ್.

ಒಂದು ಸಣ್ಣ ಲೆಕ್ಕ

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಆದರೂ ಇದನ್ನು ಒಂದು ಸಲ ಕೂಡಿ ಕಳೆದು ನೋಡಿ. ಎರಡು ಸಾಲಿನ ರಸ್ತೆ ಏಳು ಮೀಟರ್ ಅಗಲ ಅಂತಿಟ್ಟುಕೊಳ್ಳಿ. ಒಂದು ಬಸ್ಸು ಎರಡೂವರೆ ಮೀಟರ್. ಎದುರಿಂದ ಇನ್ನೊಂದು ಬಸ್ಸು, ಅದೂ ಎರಡೂವರೆ. ಸೈಕಲ್ಲಿನ ಹ್ಯಾಂಡಲ್ ಸುಮಾರು ಅರವತ್ತು ಸೆಂಟಿಮೀಟರ್. ಎಲ್ಲಾ ಸೇರಿ ಐದು ಮೀಟರ್ ಅರವತ್ತು. ಉಳಿದದ್ದು ಒಂದು ಮೀಟರ್ ನಲವತ್ತು. ಅದನ್ನು ಎರಡು ಅಂಚು ಮತ್ತು ನಡುವಿನ ಎರಡು ಸಂದು, ಹೀಗೆ ನಾಲ್ಕು ಕಡೆ ಹಂಚಬೇಕು. ತಲಾ ಒಂದಡಿ ಚಿಲ್ಲರೆ! ಹಾಲಿನ ಕ್ಯಾನು ಆಚೆ ಈಚೆ ನೇತಾಡುತ್ತಿರುವ ಸೈಕಲ್ಲು, ಒಂದು ಗುಂಡಿ ಸಿಕ್ಕಿದರೆ ಒಂದಡಿ ವಾಲುವುದು ಸಹಜ. ವಾಲಿದರೆ ಎಲ್ಲಿಗೆ? ಹಿಂದಿನ ಗಾಲಿಯ ಕೆಳಕ್ಕೆ.

ಆದ್ದರಿಂದ ಎದುರಿಂದ ಗಾಡಿ ಬರುತ್ತಿರುವಾಗ ಸೈಕಲ್ಲನ್ನು ಓವರ್‌ಟೇಕ್ ಮಾಡಲು ಜಾಗವೇ ಇಲ್ಲ. ಹಿಂದಿನವನು ಕಾಯಲೇಬೇಕು. ಜರ್ಮನಿಯಲ್ಲಿ 2020ರಿಂದ ಊರೊಳಗೆ ಸೈಕಲ್ ದಾಟುವ ಮೋಟಾರು ಗಾಡಿ ಒಂದೂವರೆ ಮೀಟರ್ ಅಂತರ ಬಿಡಬೇಕು, ಊರಾಚೆ ಎರಡು ಮೀಟರ್ ಅಂತ ಕಾನೂನೇ ಮಾಡಿದ್ದಾರೆ. ನಮ್ಮಲ್ಲಿ ಅಳತೆಯ ಕಾನೂನು ಬರುವ ತನಕ ಒಂದು ಆಳು ಕೈ ಚಾಚುವಷ್ಟು ಜಾಗವಾದರೂ ಬಿಡೋದು ಮನುಷ್ಯತ್ವ.

ಕಾಯೋಕೆ ಟೈಮೆಲ್ಲಿದೆ ಅಂತೀರಾ? ಅದಕ್ಕೂ ಲೆಕ್ಕ ಇದೆ. ಊರೊಳಗೆ ಎರಡು ಕಿಲೋಮೀಟರ್ ಹಾದು ಹೋಗಲು ಐವತ್ತರ ವೇಗದಲ್ಲಿ ಎರಡು ನಿಮಿಷ ಇಪ್ಪತ್ತನಾಲ್ಕು ಸೆಕೆಂಡು. ಮೂವತ್ತರ ವೇಗದಲ್ಲಿ ನಾಲ್ಕು ನಿಮಿಷ. ವ್ಯತ್ಯಾಸ ಒಂದೂವರೆ ನಿಮಿಷ ಚಿಲ್ಲರೆ. ಟೀ ಆರಲು ಕೂಡ ಸಾಲದ ಹೊತ್ತು. ಇನ್ನೊಂದು ಮಗ್ಗುಲು ನೋಡಿ. ಮೂವತ್ತರಲ್ಲಿ ಹೋಗುವ ಕಾರು, ಚಾಲಕ ನೋಡಿ ಬ್ರೇಕ್ ಒತ್ತಿ ಪೂರ್ತಿ ನಿಲ್ಲುವಷ್ಟರಲ್ಲಿ ಸುಮಾರು ಹದಿಮೂರು-ಹದಿನಾಲ್ಕು ಮೀಟರ್ ಓಡಿರುತ್ತೆ. ಅರವತ್ತರಲ್ಲಿ ಹೋದರೆ ಸುಮಾರು ಮೂವತ್ತೇಳು ಮೀಟರ್, ಅದೂ ಒಣ ರಸ್ತೆಯಲ್ಲಿ. ವೇಗ ಎರಡರಷ್ಟಾದರೆ ಪೆಟ್ಟಿನ ಬಲ ನಾಲ್ಕರಷ್ಟು. ಒಂದೂವರೆ ನಿಮಿಷ ಉಳಿಸಲು ಇಷ್ಟು ದೊಡ್ಡ ಜೂಜು ಬೇಕೆ?

ಸೇತುವೆ ಕಟ್ಟಿದ ಕಾಲ

ಕಿರಂಗೂರು ಕಡೆಗಿರುವ ವೆಲ್ಲೆಸ್ಲಿ ಸೇತುವೆ ದಿವಾನ್ ಪೂರ್ಣಯ್ಯನವರ ಕಾಲದ್ದು, 1804ರಲ್ಲಿ ಮುಗಿದದ್ದು. ಕಲ್ಲು ಕಂಬ, ಕಲ್ಲು ಚಪ್ಪಡಿ. ಎತ್ತಿನ ಗಾಡಿ, ಕುದುರೆ, ಕಾಲ್ನಡಿಗೆಯವರು ಕೂಡಿ ಹೋಗಲೆಂದು ಕಟ್ಟಿದರು. ಅಂದಿನ ದಾರಿಯಲ್ಲಿ ನಿಧಾನಸ್ಥನೇ ಯಜಮಾನ. ಎತ್ತು ಎಷ್ಟು ನಡೆದರೆ ಅಷ್ಟು. ಈಗ ಜೋರಾಗಿ ಹಾರನ್ ಹೊಡೆಯುವವನು ಯಜಮಾನ. ಕೋಟೆ ಬಾಗಿಲುಗಳ ಇಕ್ಕಟ್ಟಿನಲ್ಲೂ ಅಷ್ಟೇ. ದರಿಯಾ ದೌಲತ್, ಗುಂಬಜ್, ಸಂಗಮ, ನಿಮಿಷಾಂಬ ಅಂತ ಒಂದೇ ದಿನ ಎಲ್ಲಾ ಮುಗಿಸುವ ಪ್ರವಾಸಿ ಟೆಂಪೋಗಳಿಗೆ, ಈ ಊರಲ್ಲಿ ಜನ ವಾಸ ಮಾಡ್ತಾರೆ ಅನ್ನೋದೇ ಮರೆತುಹೋದಂತಿದೆ.

ಕಾನೂನು ಏನನ್ನುತ್ತೆ? 1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಮು ನೋಡಿ. ಸಾರ್ವಜನಿಕರ ಸುರಕ್ಷತೆಗೆ ಬೇಕೆನಿಸಿದರೆ, ಅಥವಾ ರಸ್ತೆ ಇಲ್ಲವೇ ಸೇತುವೆಯ ಸ್ವರೂಪ ನೋಡಿ, ವೇಗಕ್ಕೆ ಮಿತಿ ಹಾಕುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಅದು ನೇಮಿಸಿದ ಅಧಿಕಾರಿಗೂ ಇದೆ. ಸೇತುವೆ ಎಂಬ ಪದವೇ ಕಾಯ್ದೆಯಲ್ಲಿದೆ. ನಮ್ಮೂರಿಗೇ ಬರೆದ ಹಾಗಿದೆಯಲ್ಲವೆ? 2017ರ ಚಾಲನಾ ನಿಯಮಾವಳಿಯಂತೂ ಪಾದಚಾರಿ, ಸೈಕಲ್ ಸವಾರ, ಮಕ್ಕಳು, ಮುದುಕರ ವಿಷಯದಲ್ಲಿ ಚಾಲಕ ವಿಶೇಷ ಎಚ್ಚರ ವಹಿಸಬೇಕೆಂದು ಹೇಳುತ್ತದೆ. ಪುಸ್ತಕದಲ್ಲಿ ಎಲ್ಲಾ ಇದೆ. ರಸ್ತೆಗೆ ಇಳಿದಿಲ್ಲ.

ನಮ್ಮವರ ತಪ್ಪೂ ಇದೆ

ಸೈಕಲ್ಲಿನವರೆಲ್ಲ ಸಾಚಾ ಎಂದು ಈ ಅಂಕಣ ಸರ್ಟಿಫಿಕೇಟ್ ಕೊಡುವುದಿಲ್ಲ. ರಾಂಗ್ ಸೈಡಲ್ಲಿ ಬರೋರು, ಕೈ ತೋರಿಸದೆ ಬಲಕ್ಕೆ ತಿರುಗೋರು, ಓಡುವ ಕಬ್ಬಿನ ಟ್ರೈಲರಿಗೆ ಜೋತು ಬೀಳುವ ಹುಡುಗರು, ಕತ್ತಲೆಯಲ್ಲಿ ದೀಪವಿಲ್ಲದೆ ಹೋಗೋರು, ಎಲ್ಲಾ ಇದ್ದಾರೆ. ಹಿಂದೆ ಡೈನಮೋ ದೀಪ ಇಲ್ಲದಿದ್ದರೆ, ಡಬಲ್ ರೈಡಿಂಗ್ ಹೋದರೆ ಪೊಲೀಸಿನವರು ಗಾಳಿ ಬಿಟ್ಟು ಕಳಿಸುತ್ತಿದ್ದದ್ದು ಹಳಬರಿಗೆ ನೆನಪಿರಬೇಕು. ಈಗ ಗಾಳಿ ಬಿಡುವವರೂ ಇಲ್ಲ, ದೀಪವೂ ಇಲ್ಲ. ಹಿಂದಿನ ಮಡ್‌ಗಾರ್ಡಿಗೆ ಒಂದು ತುಂಡು ರೇಡಿಯಂ ಸ್ಟಿಕ್ಕರ್ ಅಂಟಿಸಲು ಎಷ್ಟು ಖರ್ಚು? ಎರಡು ಬನ್ನಿನ ದುಡ್ಡು. ಬಿಳಿ ಅಂಗಿ ತೊಟ್ಟರೆ ಅದೂ ಬೇಡ, ದೂರಕ್ಕೇ ಕಾಣುತ್ತೀರಿ.

ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರಿನವರದು ಇನ್ನೊಂದು ಪರಿ. ಟ್ರೈಲರಿನಿಂದ ಆಳುದ್ದ ಚಾಚಿಕೊಂಡ ಕಬ್ಬು, ಹಿಂದೆ ಕೆಂಪು ದೀಪ ಇಲ್ಲ. ರಾತ್ರಿ ಇದರ ಹಿಂದೆ ಹೋಗುವ ಸೈಕಲ್ಲಿನವನಿಗೆ ಕಬ್ಬು ಕಣ್ಣಿಗೆ ಚುಚ್ಚಿದ ಮೇಲೇ ಗೊತ್ತಾಗಬೇಕು.

ಅಂಗಡಿ ಮಾಲೀಕರೇ, ಸ್ವಲ್ಪ ಕೇಳಿ. ರಸ್ತೆ ಅಂಚಿಗೆ ಬೋರ್ಡು, ಬಕೆಟ್ಟು, ತರಕಾರಿ ಕ್ರೇಟು ಇಟ್ಟಾಗ, ಗಿರಾಕಿಯ ಕಾರು ಬಾಗಿಲ ಮುಂದೇ ನಿಂತಾಗ, ಸೈಕಲ್ಲಿನವನು ಎಲ್ಲಿಗೆ ಹೋಗಬೇಕು? ನಡುರಸ್ತೆಗೆ. ನಿಮ್ಮ ಎರಡಡಿ ವ್ಯಾಪಾರ ಅವನನ್ನು ಬಸ್ಸಿನ ಮುಂದಕ್ಕೆ ತಳ್ಳುತ್ತದೆ. ಅವನೂ ನಿಮ್ಮ ಗಿರಾಕಿಯೇ. ಕಾರಿನವನು ದೇವರ ದರ್ಶನ ಮುಗಿಸಿ ಮೈಸೂರಿಗೆ ಹೋದಾನು. ಸೈಕಲ್ಲಿನವನು ಸಂಜೆ ನಿಮ್ಮಲ್ಲೇ ಅಕ್ಕಿ ಕೊಳ್ಳುತ್ತಾನೆ.

ಬಸ್ ಪ್ರಯಾಣಿಕರೇ, ನಿಮಗೂ ಪಾಲಿದೆ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸು ತುಂಬಿದೆ, ಸಂತೋಷ. ಆದರೆ ಸ್ಟಾಪು ಬರುವ ಮೊದಲೇ ಧುಮುಕುವವರು, ಎಡಕ್ಕೆ ಕತ್ತು ತಿರುಗಿಸದೆ ಇಳಿಯುವವರು, ಹಿಂದಿನಿಂದ ಬರುವ ಸೈಕಲ್ಲಿಗೆ ಸಿಕ್ಕಿಬೀಳುತ್ತಾರೆ. ಚಾಲಕರೂ ಹಾಗೆಯೇ. ಸೈಕಲ್ಲನ್ನು ದಾಟಿದ ಕ್ಷಣವೇ ಸ್ಟಾಪಿಗಾಗಿ ಎಡಕ್ಕೆ ಒತ್ತಿ ಅದರ ದಾರಿ ಮುಚ್ಚಿಬಿಡುತ್ತಾರೆ. ಹತ್ತು ಸೆಕೆಂಡು ಸೈಕಲ್ಲಿನ ಹಿಂದೆಯೇ ನಿಧಾನಿಸಿದರೆ ಏನು ಗಂಟು ಹೋಗುತ್ತೆ?

ಹೆಣ ಬಿದ್ದ ಮೇಲೆ ಬುದ್ಧಿ ಬೇಡ

2018ರ ನವೆಂಬರ್ 24ನ್ನು ಈ ಸೀಮೆ ಮರೆತಿಲ್ಲ. ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಮಂದಿ ಸತ್ತರು. ಅದಾದ ಮೇಲೆ ತಡೆಗೋಡೆಯ ಮಾತು ಊರೂರಲ್ಲಿ ಎದ್ದಿತು. ಮೊದಲು ಹೆಣ, ಆಮೇಲೆ ಗೋಡೆ ಎಂಬ ಕ್ರಮ ನಮಗೆ ಅಭ್ಯಾಸವಾಗಿದೆ. ಸೈಕಲ್ಲಿನವರು ಒಬ್ಬೊಬ್ಬರಾಗಿ ಸಾಯುವುದರಿಂದ ಅವರಿಗೆ ಆ ಗೋಡೆಯ ಮಾತು ಕೂಡ ಏಳುವುದಿಲ್ಲ.

ಹಾಲೆಂಡ್ ದೇಶದ ಸೈಕಲ್ ದಾರಿಗಳನ್ನು ಈಗ ಜಗತ್ತು ಹೊಗಳುತ್ತದೆ. ಅವೇನು ಆಕಾಶದಿಂದ ಬಿದ್ದವಲ್ಲ. 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು ಸತ್ತಾಗ, ಹೆತ್ತವರು ಬೀದಿಗಿಳಿದು ಕೂತರು. ಆಮೇಲೆ ದಾರಿ ಬಂತು. ನಮ್ಮ ಪಕ್ಕದ ಮೈಸೂರಿನಲ್ಲೇ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂದು 450 ಸೈಕಲ್ ಬಾಡಿಗೆಗಿಟ್ಟರು. ಆಡಳಿತಕ್ಕೆ ಮನಸ್ಸು ಬಂದರೆ ಸೈಕಲ್ ಕೂಡ ಕಣ್ಣಿಗೆ ಕಾಣುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ನಮ್ಮೂರಿಗೆ ಕೋಟಿ ಬೇಡ, ಮೇಲ್ಸೇತುವೆ ಬೇಡ. ನಾಲ್ಕೇ ನಾಲ್ಕು ಕೆಲಸ. ಒಂದು, ಊರೊಳಗಿನ ಹಳೇ ರಸ್ತೆಗೂ ಸೇತುವೆಗಳಿಗೂ ಮೂವತ್ತರ ವೇಗ ಮಿತಿ, ಎರಡೂ ತುದಿಯಲ್ಲಿ ಕಾಣುವ ಹಾಗೆ ಬೋರ್ಡು. ಎರಡು, ರಸ್ತೆಯ ಎರಡೂ ಅಂಚಿಗೆ ಬಿಳಿ ಗೆರೆ ಎಳೆದು, ಅದರೊಳಗೆ ವಾಹನವೂ ಸರಕೂ ನಿಲ್ಲದಂತೆ ಪುರಸಭೆಯ ನಿಗಾ. ಮೂರು, ಆ ಅಂಚಿನ ಗುಂಡಿಯನ್ನು ಮೊದಲು ಮುಚ್ಚುವುದು. ಕಾರು ಗುಂಡಿ ಹಾರಿಸುತ್ತೆ, ಸೈಕಲ್ಲು ಗುಂಡಿಗೆ ಬೀಳುತ್ತೆ. ನಾಲ್ಕು, ಸೇತುವೆಯ ಎರಡೂ ತುದಿಯಲ್ಲಿ ರಾತ್ರಿ ಉರಿಯುವ ದೀಪ. ಉರಿಯುವ ದೀಪ ಎಂದು ಒತ್ತಿ ಬರೆದಿದ್ದೇವೆ, ಬರೀ ಕಂಬ ಸಾಲದು.

ವೇಗ ಬೇಕಾದವನಿಗೆ ಊರಾಚೆ ಕಾವೇರಿ ದಾಟಿಸುವ ಬೈಪಾಸ್ ಕಟ್ಟಿಕೊಟ್ಟಾಯಿತು. ಅವನ ಹಕ್ಕು ಅವನಿಗೆ ಸಂದಿದೆ. ಉಳಿದ ಹಳೇ ರಸ್ತೆ ನಿಧಾನಸ್ಥರ ಪಾಲು. ಅದರ ಮೇಲೂ ಕೈ ಹಾಕಿದರೆ ಅದಕ್ಕೆ ಅತಿಕ್ರಮಣ ಅಂತಲೇ ಹೆಸರು. ಪುರಸಭೆ, ಪೊಲೀಸ್ ಠಾಣೆ, ಲೋಕೋಪಯೋಗಿ ಇಲಾಖೆ, ಮೂವರೂ ಒಂದು ಬೆಳಗ್ಗೆ ಜೀಪು ಬಿಟ್ಟು ಸೈಕಲ್ ಏರಿ ಕಿರಂಗೂರಿನಿಂದ ಬಸ್ ನಿಲ್ದಾಣದ ತನಕ ಬಂದು ನೋಡಲಿ. ಹಿಂದೆ ಒಂದು ಬಸ್ಸು ಹಾರನ್ ಒತ್ತಿದರೆ ಸಾಕು, ಕಡತ ತಾನಾಗಿ ಸರಿಯುತ್ತದೆ.

ಸಂಬಂಧಪಟ್ಟವರು ಸೈಕಲ್ ಹತ್ತುವರೇ?