ಚಕ್ರದ ಶೋಕಿ ಯಾರ ಹೆಗಲಿಗೆ?



ಬೆಳಗಿನ ಜಾವ ವಾಶಿಯ ಮಾರ್ಕೆಟಿನಿಂದ ಹೊಟೇಲುಗಳಿಗೆ ತರಕಾರಿ ತರುವ ಪಿಕಪ್ ಗಾಡಿಗಳನ್ನು ಒಮ್ಮೆ ನೋಡಿರಿ. ಕೆಲವು ಗಾಡಿಗಳ ಚಕ್ರ ಮಡ್‌ಗಾರ್ಡಿನಿಂದ ನಾಲ್ಕು ಬೆರಳು ಹೊರಗೆ ಚಾಚಿರುತ್ತದೆ. ಟಯರಂತೂ ಆಡಿಗೆ ಆನೆಯ ಕಾಲು ಕಟ್ಟಿದಂತೆ. ಮಾಲೀಕನಿಗೆ ಅದು ದೌಲತ್ತು. ಸ್ಟೇರಿಂಗು ಹಿಡಿಯುವವರು ಯಾರು? ನಿನ್ನೆಯವರೆಗೆ ಮೇಜು ಒರಸಿ, ಸಾಲ ಮಾಡಿ ಲೈಸೆನ್ಸು ಪಡೆದ ನಮ್ಮ ಹುಡುಗರು. 1982ರ ಮುಷ್ಕರದ ಬಳಿಕ ಗಿರಣಿಯಿಂದ ಹೊರಬಿದ್ದವರ ಮಕ್ಕಳು, ಮೊಮ್ಮಕ್ಕಳು. ಆದಕಾರಣ ಇದು ಗ್ಯಾರೇಜಿನ ವಿಷಯವೆಂದು ನಾವು ಸುಮ್ಮನಿರಲಾರೆವು.

ಈ ಆಟವೆಲ್ಲ ನಡೆಯುವುದು ‘ಆಫ್‌ಸೆಟ್’ ಎಂಬ ಅಳತೆಯ ಮೇಲೆ. ಹೆಸರು ಕೇಳಿ ಅಂಜಬೇಕಾಗಿಲ್ಲ. ರಿಮ್ಮಿನ ಅಗಲದ ಸರಿ ನಡುವೆ ಒಂದು ಗೆರೆ ಎಳೆಯಿರಿ. ಹಬ್ಬಿಗೆ ತಾಗಿ ಬೋಲ್ಟು ಬಿಗಿಯುವ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರು ಸರಿದಿದೆಯೋ ಅದೇ ಆಫ್‌ಸೆಟ್. ಮುಖ ಹೊರಬದಿಗಿದ್ದರೆ ಅಂಕೆ ಪ್ಲಸ್. ಚಕ್ರ ಒಳಗೆ ಕೂಡುತ್ತದೆ. ಒಳಬದಿಗಿದ್ದರೆ ಮೈನಸ್; ಚಕ್ರ ಹೊರಗೆ ಚಾಚುತ್ತದೆ. ರಿಮ್ಮಿನ ಮೇಲೆ ‘ಇಟಿ’ ಎಂಬ ಅಕ್ಷರಗಳ ಪಕ್ಕದಲ್ಲಿರುವ ಅಂಕೆ ಇದೇ.

ಹಳೆಯ ರಿಮ್ 6 ಇಂಚು, ಆಫ್‌ಸೆಟ್ 40 ಎಂದು ಇಟ್ಟುಕೊಳ್ಳೋಣ. ಅಗಲದ ಟಯರಿಗೆಂದು ಅಂಗಡಿಯವನು 8 ಇಂಚಿನ, ಸೊನ್ನೆ ಆಫ್‌ಸೆಟ್ಟಿನ ರಿಮ್ ಕೊಟ್ಟ. ಅಗಲಕ್ಕೆ 25, ಆಫ್‌ಸೆಟ್ ಇಳಿದದ್ದಕ್ಕೆ 40, ಒಟ್ಟು 65 ಮಿ.ಮೀ. ಚಕ್ರದ ಹೊರ ಅಂಚು ಆಚೆಗೆ ಹೋಯಿತು. ಅದೇ ಆಫ್‌ಸೆಟ್ 15 ಇದ್ದರೆ ಒಳ ಅಂಚು ಮೊದಲಿದ್ದಲ್ಲೇ ನಿಲ್ಲುತ್ತಿತ್ತು. ಅಗಲಕ್ಕೆ ಬೇಕಾದಷ್ಟೇ ಹೊರಗೆ ಬರುತ್ತಿತ್ತು. ಉಳಿದ 15 ಮಿ.ಮೀ. ಶುದ್ಧ ಶೋಕಿ. ಗಾಡಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ.

ಉಪದ್ರವ ಮಾತ್ರ ಉಂಟು. ತುಂಬಿದ ಸಾಂಬಾರಿನ ಬಕೆಟನ್ನು ಮೈಗೊತ್ತಿ ಹಿಡಿಯುವುದಕ್ಕೂ ಕೈಚಾಚಿ ಹಿಡಿಯುವುದಕ್ಕೂ ಏನು ಅಂತರವೆಂದು ಮಾಣಿಗೆ ಯಾರೂ ಕಲಿಸಬೇಕಾಗಿಲ್ಲ. ಚಕ್ರ ಹೊರಗೆ ಸರಿದಾಗ ಬೇರಿಂಗಿಗೂ ಅದೇ ಗತಿ. ಮುಂದಿನ ಚಕ್ರವಾದರೆ ಪ್ರತಿ ಹೊಂಡದ ಹೊಡೆತ ಸ್ಟೇರಿಂಗಿನ ಮೂಲಕ ಚಾಲಕನ ಮಣಿಕಟ್ಟಿಗೇ ಬರುತ್ತದೆ. ದಿನಕ್ಕೆ ಹನ್ನೆರಡು ತಾಸು ಆ ಹೊಡೆತ ತಿಂದವನಿಗೆ ಪಗಾರ ಹೆಚ್ಚಿಸಿದ ಮಾಲೀಕನನ್ನು ನಾವು ಕಂಡಿಲ್ಲ.

ಇನ್ನು ಟಯರಿನ ಎತ್ತರ. 215/75 ಆರ್ 15 ಟಯರಿನ ಎತ್ತರ ಸುಮಾರು 703 ಮಿ.ಮೀ.; ಅದರ ಜಾಗದಲ್ಲಿ 31 ಇಂಚಿನದು ಹಾಕಿದರೆ 787. ಆಗ ಮೀಟರಿನಲ್ಲಿ 60 ಕಂಡರೆ ಗಾಡಿ ಓಡುವುದು 67ರಲ್ಲಿ! ಬ್ರೇಕು ಹಳೆಯದೇ, ತಡೆಯಬೇಕಾದ ಚಕ್ರ ದೊಡ್ಡದು. ಅಡ್ಡ ಬಂದವನ ಜೀವಕ್ಕೆ ಉತ್ತರ ಕೊಡುವವನು ಚಾಲಕ.

“ಚಕ್ರ ಅಗಲಕ್ಕೆ ನಿಂತರೆ ಗಾಡಿ ಮಗುಚುವುದಿಲ್ಲ” ಎಂದು ಅಂಗಡಿಯವರು ವಾದಿಸುತ್ತಾರೆ. ಅದರಲ್ಲಿ ಅಷ್ಟಿಷ್ಟು ನಿಜವಿದೆ. ಆದರೆ ಎತ್ತರದ ಟಯರು ಗಾಡಿಯ ಮೈಯನ್ನೇ ಮೇಲಕ್ಕೆತ್ತುತ್ತದಲ್ಲ! ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದಂತಾಯಿತು. ಕೆಸರಿನ ಹೊಲದಲ್ಲಿ ಓಡುವ ಗಾಡಿಗೆ ಎತ್ತರದ ಟಯರು ಬೇಕಾದೀತು. ಶಿವ್-ಪನ್ವೇಲ್ ರಸ್ತೆಯಲ್ಲಿ ಕೊತ್ತಂಬರಿ ಸಾಗಿಸಲು ಏತಕ್ಕೆ?

ನಿಜವಾದ ಕಾರಣ ಬೇರೆ. ದೊಡ್ಡ ಟಯರು ಕಂಡೊಡನೆ ಮಾಲೀಕ ಇನ್ನು ಹತ್ತು ಗೋಣಿ ಹೇರುತ್ತಾನೆ. ಆಕ್ಸಲು, ಸ್ಪ್ರಿಂಗು ಅವೇ. ಆರ್‌ಸಿ ಪುಸ್ತಕದಲ್ಲಿ ಬರೆದ ತೂಕವೂ ಅದೇ. 2019ರ ತಿದ್ದುಪಡಿಯಾದ ಕಾಯಿದೆಯಲ್ಲಿ ಅತಿಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸಕೂಡದೆಂದು ಅದೇ ವರ್ಷದ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗೆ ಬದಲಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಕಾಯಿದೆ ಮಾಲೀಕನ ಹೆಸರು ಹೇಳುತ್ತದೆ. ನಾಕಾದಲ್ಲಿ ಕೊರಳಪಟ್ಟಿ ಹಿಡಿಸಿಕೊಳ್ಳುವವನು ಚಾಲಕ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಇಷ್ಟೇ ಸಾಕು.

ಚಾಲಕ ಬಂಧುಗಳೇ, ಹೊಸ ರಿಮ್ ಹಾಕಿದ ಗಾಡಿ ಕೈಗೆ ಬಂದರೆ ಮೊದಲು ಇಟಿ ಅಂಕೆ ಓದಿರಿ, ಹಳೆಯದರೊಡನೆ ತಾಳೆ ನೋಡಿರಿ. ರಿಮ್ಮೂ ಟಯರೂ ಎಷ್ಟು ಭಾರಕ್ಕೆ ತಯಾರಾದವೆಂದು ಕೇಳಿರಿ. ಮಾಲು ತುಂಬಿದ ಮೇಲೆಯೇ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಟಯರು ಎಲ್ಲಿಯಾದರೂ ಉಜ್ಜುತ್ತದೆಯೋ ನೋಡಿರಿ. ಖಾಲಿ ಗಾಡಿಯಲ್ಲಿ ಉಜ್ಜದ್ದು ತುಂಬಿದಾಗ ಉಜ್ಜುತ್ತದೆ. ಬದಲಾಯಿಸಿದ್ದು ತಾನೇ, ಜವಾಬ್ದಾರಿಯೂ ತನ್ನದೇ ಎಂದು ಮಾಲೀಕನಿಂದ ಬರೆಸಿಕೊಳ್ಳಿರಿ. ಬರೆದುಕೊಡಲು ಒಪ್ಪದವನ ಗಾಡಿಯ ನಂಬರನ್ನು ಸಂಘದ ಕಚೇರಿಗೆ ತಿಳಿಸಿರಿ. ನಾವು ನಾಲ್ಕು ಜನ ಹೋಗಿ ಮಾತಾಡುತ್ತೇವೆ.